ರ‍್ಯಾನ್ಸಮ್ ಎ. ಮೈಯರ್ಸ್

ರ‍್ಯಾನ್ಸಮ್ ಆಲ್ಡ್ರಿಚ್ ಮೈಯರ್ಸ್ (13 ಜೂನ್ 1952 – 27 ಮಾರ್ಚ್ 2007) ಅಮೆರಿಕದಲ್ಲಿ ಜನಿಸಿ ಕೆನಡಾದಲ್ಲಿ ನೆಲೆಸಿದ್ದ ಸಾಗರ ಜೀವವಿಜ್ಞಾನಿ. ಆತ್ಮೀಯ ವಲಯದಲ್ಲಿ 'ರ‍್ಯಾಮ್' ಎಂದು ಕರೆಯಲ್ಪಡುತ್ತಿದ್ದ ಇವರು, ಹಲವು ದಶಕಗಳ ಮೀನುಗಾರಿಕಾ ದಾಖಲೆಗಳನ್ನು ಒಂದೆಡೆ ಸೇರಿಸಿ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ ಒಳಪಡಿಸುವ ವಿಧಾನಕ್ಕೆ ಹೆಸರಾದವರು. ಅಟ್ಲಾಂಟಿಕ್ ಸಾಗರದ ಶಾರ್ಕ್‌ಗಳ ಸಂಖ್ಯೆ ಕುಸಿದಿದೆಯೆಂದು ತೋರಿಸಿದ ಇವರ ತಂಡದ ಅಧ್ಯಯನಗಳು ಶಾರ್ಕ್ ಸಂರಕ್ಷಣೆಯನ್ನು ಮೀನುಗಾರಿಕಾ ನಿರ್ವಹಣೆಯ ಮುಖ್ಯ ಚರ್ಚೆಗೆ ತಂದವು. ಅವುಗಳ ಕೆಲವು ತೀರ್ಮಾನಗಳು ಇಂದಿಗೂ ವಿವಾದಕ್ಕೆ ಒಳಗಾಗಿವೆ.

ಜೀವನ

ಮೈಯರ್ಸ್ ಅವರು ಮಿಸಿಸಿಪಿ ರಾಜ್ಯದ ಲೂಲಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಸಮುದ್ರದಿಂದ ದೂರವಾದ ಹತ್ತಿ ಬೆಳೆಯುವ ಪ್ರದೇಶವದು. ರೈಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪದವಿ ಪಡೆದ ನಂತರ ಕೆನಡಾಕ್ಕೆ ತೆರಳಿ, ಹ್ಯಾಲಿಫ್ಯಾಕ್ಸ್ ನಗರದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. (ಈ ವಿಶ್ವವಿದ್ಯಾಲಯದ ಸ್ಥಾಪಕರು ಭಾರತದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿಯ ತಂದೆ.) ಬಳಿಕ ಕೆನಡಾ ಸರ್ಕಾರದ ಮೀನುಗಾರಿಕೆ ಮತ್ತು ಸಾಗರ ಇಲಾಖೆಯ ವಿಜ್ಞಾನಿಯಾಗಿ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಕೆಲಸ ಮಾಡಿದರು. 1997ರಲ್ಲಿ ಡಾಲ್‌ಹೌಸಿಗೆ ಮರಳಿ, ಕಿಲ್ಲಮ್ ಸಾಗರ ಅಧ್ಯಯನ ಪೀಠದ ಪ್ರಾಧ್ಯಾಪಕರಾದರು. ಮಿದುಳಿನ ಗೆಡ್ಡೆಯಿಂದ ತಮ್ಮ 54ನೇ ವಯಸ್ಸಿನಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ನಿಧನರಾದರು.

ಕಾಡ್ ಮೀನಿನ ಕುಸಿತ

ಮೈಯರ್ಸ್ ಅವರ ಶಾರ್ಕ್ ಸಂಶೋಧನೆಯ ಬೇರುಗಳು ಕಾಡ್ ಮೀನಿನ ಅಧ್ಯಯನದಲ್ಲಿವೆ. ಸುಮಾರು ಐದು ಶತಮಾನಗಳಿಂದ ಯೂರೋಪಿಗೆ ಆಹಾರ ಒದಗಿಸಿದ್ದ ನ್ಯೂಫೌಂಡ್‌ಲ್ಯಾಂಡ್‌ನ ಕಾಡ್ ಮೀನುಗಾರಿಕೆಯನ್ನು ಕೆನಡಾ ಸರ್ಕಾರವು 2 ಜುಲೈ 1992ರಂದು ಸ್ಥಗಿತಗೊಳಿಸಿತು. ಹತ್ತಾರು ಸಾವಿರ ಜನ ಏಕಕಾಲದಲ್ಲಿ ಕೆಲಸ ಕಳೆದುಕೊಂಡರು. ಸಮುದ್ರದ ನೀರು ಅಸಾಧಾರಣವಾಗಿ ತಣ್ಣಗಾದದ್ದು ಹಾಗೂ ಸೀಲ್ ಪ್ರಾಣಿಗಳು ಮೀನನ್ನು ತಿಂದುಹಾಕಿದ್ದು ಇದಕ್ಕೆ ಕಾರಣವೆಂಬ ವಿವರಣೆಗಳು ಆಗ ಪ್ರಚಲಿತವಾಗಿದ್ದವು. 1994ರಲ್ಲಿ ಜೆಫ್ರಿ ಹಚಿಂಗ್ಸ್ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಮೈಯರ್ಸ್ ಅವರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಕುಸಿತಕ್ಕೆ ಅತಿಯಾದ ಮೀನುಗಾರಿಕೆಯೇ ಕಾರಣವೆಂದು ವಾದಿಸಿದರು. ಸರ್ಕಾರಿ ನೌಕರರಾಗಿದ್ದುಕೊಂಡೇ ಇದನ್ನು ಪತ್ರಿಕೆಗಳ ಮುಂದೆ ಹೇಳಿದ್ದಕ್ಕಾಗಿ ಅವರು ಇಲಾಖೆಯಿಂದ ಲಿಖಿತ ಎಚ್ಚರಿಕೆಯನ್ನು ಪಡೆಯಬೇಕಾಯಿತು.

ಮೀನು ಕಡಿಮೆಯಾದಾಗ ಅದು ಉಳಿದಿರುವ ಜಾಗಗಳಲ್ಲಿ ಗುಂಪುಗೂಡುತ್ತದೆ. ದೋಣಿಗಳೂ ಅಲ್ಲಿಯೇ ಸೇರುತ್ತವೆ. ಹೀಗಾಗಿ ಪ್ರತಿ ದೋಣಿಗೆ ಸಿಗುವ ಮೀನಿನ ಪ್ರಮಾಣ ಇಳಿಯದೆ, ಸಂಪತ್ತು ಕ್ಷೇಮವಾಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಕಾಡ್ ಮೀನಿನ ವಿಷಯದಲ್ಲಿ ನಡೆದ ಈ ತಪ್ಪೆಣಿಕೆಯು ಮೈಯರ್ಸ್ ಅವರನ್ನು ಜಗತ್ತಿನ ಇತರ ಮೀನುಗಳ ದಾಖಲೆಗಳತ್ತ ತಿರುಗಿಸಿತು. ಹೆತ್ತ ಮೀನುಗಳೆಷ್ಟು, ಅವುಗಳ ಸಂತಾನದಲ್ಲಿ ಬೆಳೆದು ಬಂದವೆಷ್ಟು ಎಂಬ ಲೆಕ್ಕದ ಏಳುನೂರಕ್ಕೂ ಹೆಚ್ಚು ಸರಣಿಗಳನ್ನು ಅವರು ಹಾಗೂ ಸಹೋದ್ಯೋಗಿಗಳು ಸಂಗ್ರಹಿಸಿದರು. ಸಂಖ್ಯೆ ತೀರಾ ಇಳಿದಾಗ ಮೀನಿನ ಗುಂಪೊಂದು ಎಷ್ಟು ವೇಗವಾಗಿ ಚೇತರಿಸಿಕೊಳ್ಳಬಲ್ಲದು ಎಂಬುದನ್ನು ಇವುಗಳಿಂದ ಅಂದಾಜು ಮಾಡಲಾಯಿತು.

ಶಾರ್ಕ್‌ಗಳ ಅಧ್ಯಯನ

ಕಾಡ್ ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ದೊಡ್ಡ ಶಾರ್ಕ್‌ಗಳು ಹಾಗಲ್ಲ. ಅವು ಪ್ರೌಢಾವಸ್ಥೆಗೆ ಬರಲು ಹಲವು ವರ್ಷಗಳು ಬೇಕು, ಹಾಕುವ ಮರಿಗಳೂ ಕೆಲವೇ. ಟ್ಯೂನ ಮೀನು ತಾಳಿಕೊಳ್ಳಬಲ್ಲ ಹಿಡಿತವನ್ನು ಅದೇ ನೀರಿನ ಶಾರ್ಕ್ ತಾಳಲಾರದು. ಆದರೆ ಟ್ಯೂನ ಮತ್ತು ಕತ್ತಿಮೀನಿಗಾಗಿ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಬಿಡುವ ಗಾಳದ ಸಾಲುಗಳಿಗೆ ಶಾರ್ಕ್‌ಗಳೂ ಸಿಕ್ಕಿಬೀಳುತ್ತವೆ. ಬೇಡದ ಹಿಡಿತವೆಂದು ಪರಿಗಣಿಸಲ್ಪಟ್ಟಿದ್ದ ಕಾರಣ ಅವುಗಳ ಲೆಕ್ಕವನ್ನು ಯಾರೂ ಗಂಭೀರವಾಗಿ ಇಟ್ಟಿರಲಿಲ್ಲ.

ಮೈಯರ್ಸ್ ಅವರ ವಿದ್ಯಾರ್ಥಿನಿ ಜೂಲಿಯಾ ಬಾಮ್ ಅವರ ನೇತೃತ್ವದ ತಂಡವು ಅಮೆರಿಕದ ಗಾಳದ ದೋಣಿಗಳು 1986ರಿಂದ 2000ರವರೆಗೆ ಬರೆದಿಟ್ಟಿದ್ದ ಲಾಗ್‌ಬುಕ್‌ಗಳನ್ನು ಬಳಸಿ ಈ ಕೊರತೆಯನ್ನು ತುಂಬಲು ಯತ್ನಿಸಿತು. ಎರಡು ಲಕ್ಷಕ್ಕೂ ಹೆಚ್ಚು ಬಾರಿ ಗಾಳ ಬಿಟ್ಟ ವಿವರಗಳು ಅವುಗಳಲ್ಲಿದ್ದವು. 2003ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಾಯವ್ಯ ಅಟ್ಲಾಂಟಿಕ್‌ನಲ್ಲಿ ಸುತ್ತಿಗೆತಲೆ ಶಾರ್ಕ್‌ಗಳು ಶೇ. 89, ಬಿಳಿ ಶಾರ್ಕ್‌ಗಳು ಶೇ. 79 ಹಾಗೂ ಥ್ರೆಶರ್ ಶಾರ್ಕ್‌ಗಳು ಶೇ. 80ರಷ್ಟು ಇಳಿದಿದ್ದವು. ಪ್ರಬಂಧದ ಎರಡನೆಯ ಭಾಗವು ಅಷ್ಟು ಪ್ರಚಾರ ಪಡೆಯಲಿಲ್ಲವಾದರೂ ನಿರ್ವಹಣೆಯ ದೃಷ್ಟಿಯಿಂದ ಅದೇ ಹೆಚ್ಚು ಉಪಯುಕ್ತ. ಒಂದು ಪ್ರದೇಶವನ್ನು ಮೀನುಗಾರಿಕೆಗೆ ಮುಚ್ಚಿ, ಒಟ್ಟು ಗಾಳಗಳ ಸಂಖ್ಯೆಯನ್ನು ಮಾತ್ರ ಹಾಗೆಯೇ ಬಿಟ್ಟರೆ, ದೋಣಿಗಳು ಪಕ್ಕದ ನೀರಿಗೆ ಸರಿದು ಅಲ್ಲಿನ ಬೇರೆ ಪ್ರಭೇದಗಳಿಗೆ ಹಾನಿ ಮಾಡುತ್ತವೆಯೆಂದು ಅದು ಲೆಕ್ಕ ಹಾಕಿ ತೋರಿಸಿತು.

ಅದೇ ವರ್ಷದ ಮೇ ತಿಂಗಳಲ್ಲಿ ಮೈಯರ್ಸ್ ಮತ್ತು ಬೋರಿಸ್ ವರ್ಮ್ ಅವರು 'ನೇಚರ್' ಪತ್ರಿಕೆಯಲ್ಲಿ, ಜಗತ್ತಿನ ಸಾಗರಗಳ ದೊಡ್ಡ ಬೇಟೆಗಾರ ಮೀನುಗಳ ರಾಶಿಯು ಯಾಂತ್ರಿಕ ಮೀನುಗಾರಿಕೆಗೆ ಮುಂಚಿನ ಮಟ್ಟದ ಸುಮಾರು ಶೇ. 10ಕ್ಕೆ ಇಳಿದಿದೆಯೆಂದು ಅಂದಾಜಿಸಿದರು. ಜಪಾನಿನ ಗಾಳದ ಹಡಗುಗಳು 1950ರ ದಶಕದಿಂದ ಇಟ್ಟ ದಾಖಲೆಗಳು ಇದರ ಮುಖ್ಯ ಆಧಾರ. ಬಹುಪಾಲು ಇಳಿಕೆಯು ಮೊದಲ ಹದಿನೈದು ವರ್ಷಗಳಲ್ಲೇ, ವಿಜ್ಞಾನಿಗಳು ಲೆಕ್ಕವಿಡಲು ಆರಂಭಿಸುವ ಮೊದಲೇ, ನಡೆದುಹೋಗಿತ್ತೆಂಬುದು ಅವರ ವಾದ. 2004ರಲ್ಲಿ ಬಾಮ್ ಮತ್ತು ಮೈಯರ್ಸ್ ಅವರು ಮೆಕ್ಸಿಕೋ ಕೊಲ್ಲಿಯ ಬಿಳಿತುದಿ ಸಾಗರ ಶಾರ್ಕ್‌ಗಳು 1950ರ ದಶಕಕ್ಕೆ ಹೋಲಿಸಿದರೆ ಶೇ. 99ಕ್ಕಿಂತ ಹೆಚ್ಚು ಕಡಿಮೆಯಾಗಿವೆಯೆಂದು ವರದಿ ಮಾಡಿದರು.

ತೊರಕೆ ಮತ್ತು ಸ್ಕ್ಯಾಲಪ್ ವಿವಾದ

ಮೈಯರ್ಸ್ ಅವರ ಅತ್ಯಂತ ಪ್ರಸಿದ್ಧ ಹಾಗೂ ಅತ್ಯಂತ ವಿವಾದಿತ ಪ್ರಬಂಧವು ಅವರು ನಿಧನರಾದ ಮೂರು ದಿನಗಳ ನಂತರ, 30 ಮಾರ್ಚ್ 2007ರಂದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ದೊಡ್ಡ ಶಾರ್ಕ್‌ಗಳು ಇಲ್ಲವಾದುದರಿಂದ ಅವುಗಳ ಆಹಾರವಾಗಿದ್ದ ಗೋಮೂತಿ ತೊರಕೆ ಮೀನುಗಳು ಹೆಚ್ಚಿದವು, ಆ ತೊರಕೆಗಳು ನಾರ್ತ್ ಕೆರೊಲಿನಾದ ಸ್ಕ್ಯಾಲಪ್ ಎಂಬ ಚಿಪ್ಪುಜೀವಿಗಳನ್ನು ತಿಂದು, ಒಂದು ಶತಮಾನದಿಂದ ನಡೆದುಬಂದಿದ್ದ ಕಸುಬನ್ನು 2004ರ ಹೊತ್ತಿಗೆ ಕೊನೆಗಾಣಿಸಿದವು ಎಂದು ಅದು ಹೇಳಿತು. ಶಾರ್ಕ್ ಉಳಿದರೆ ಬಡ ಮೀನುಗಾರನ ಚಿಪ್ಪೂ ಉಳಿಯುತ್ತದೆಂಬ ಈ ಕಥೆ ಸರಳವಾಗಿತ್ತು, ಹಾಗಾಗಿ ಪಠ್ಯಪುಸ್ತಕಗಳಿಗೂ ಸಾಕ್ಷ್ಯಚಿತ್ರಗಳಿಗೂ ಬೇಗನೆ ಸೇರಿತು.

ಅದರ ಪರಿಣಾಮ ಮಾತ್ರ ಲೇಖಕರು ಬಯಸಿದಂತಿರಲಿಲ್ಲ. ತೊರಕೆಗಳೇ ಅಪರಾಧಿಗಳೆಂದು ಭಾವಿಸಿ ಅವುಗಳನ್ನು ಹಿಡಿದು ತಿನ್ನಲು ಚೆಸಾಪೀಕ್ ಕೊಲ್ಲಿಯಲ್ಲಿ ಪ್ರೋತ್ಸಾಹ ನೀಡಲಾಯಿತು. ಬಿಲ್ಲುಬಾಣದಿಂದ ತೊರಕೆ ಕೊಲ್ಲುವ ಸ್ಪರ್ಧೆಗಳೂ ನಡೆದವು. ಈ ತೊರಕೆಯಾದರೋ ಶಾರ್ಕ್‌ನ ಸಂಬಂಧಿ. ಪ್ರೌಢವಾಗಲು ಏಳೆಂಟು ವರ್ಷ ತೆಗೆದುಕೊಂಡು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಶಾರ್ಕ್‌ಗಳಿಗೆ ಒದಗಿದ ಅಪಾಯವನ್ನೇ, ಶಾರ್ಕ್‌ಗಳ ಪರವಾದ ಪ್ರಬಂಧವೊಂದು ಇದಕ್ಕೂ ತಂದಿತ್ತು.

2016ರಲ್ಲಿ ಡೀನ್ ಗ್ರಬ್ಸ್ ಮತ್ತು ಸಹೋದ್ಯೋಗಿಗಳು ಮೂಲ ದತ್ತಾಂಶವನ್ನು ಮರುಪರಿಶೀಲಿಸಿದರು. ಇಷ್ಟು ನಿಧಾನವಾಗಿ ವೃದ್ಧಿಯಾಗುವ ಮೀನು ಪ್ರಬಂಧದಲ್ಲಿ ಹೇಳಿದ ವೇಗದಲ್ಲಿ ಹೆಚ್ಚಲು ಸಾಧ್ಯವಿಲ್ಲವೆಂದೂ, ಚಿಪ್ಪುಜೀವಿಗಳ ಇಳಿಕೆಯು ತೊರಕೆಗಳ ಹೆಚ್ಚಳಕ್ಕಿಂತ ಮೊದಲೇ ಆರಂಭವಾಗಿತ್ತೆಂದೂ ಅವರು ತೋರಿಸಿದರು. 2017ರಲ್ಲಿ ಮೇರಿಲ್ಯಾಂಡ್ ರಾಜ್ಯವು ತೊರಕೆ ಕೊಲ್ಲುವ ಸ್ಪರ್ಧೆಗಳನ್ನು ತಾತ್ಕಾಲಿಕವಾಗಿ ನಿಷೇಧಿಸಿತು.

ಇತರ ಟೀಕೆಗಳು

2003ರ ಅಂಕಿಅಂಶಗಳೂ ಆಕ್ಷೇಪಣೆಗೆ ಗುರಿಯಾದವು. ಜಾರ್ಜ್ ಬರ್ಜೆಸ್ ಮತ್ತಿತರರು 2005ರಲ್ಲಿ, ಲಾಗ್‌ಬುಕ್ ಬರೆಯುವ ಮೀನುಗಾರರು ಪ್ರಭೇದಗಳನ್ನು ತಪ್ಪಾಗಿ ಗುರುತಿಸಿರಬಹುದೆಂದೂ, ಲಭ್ಯವಿದ್ದ ಬೇರೆ ಸಮೀಕ್ಷೆಗಳನ್ನು ಕಡೆಗಣಿಸಲಾಗಿದೆಯೆಂದೂ ಬರೆದರು. ಟ್ಯೂನ ತಜ್ಞರು ಶೇ. 90ರ ಇಳಿಕೆಯನ್ನು ಎಲ್ಲ ಟ್ಯೂನಗಳಿಗೂ ಅನ್ವಯಿಸುವುದನ್ನು ಒಪ್ಪಲಿಲ್ಲ. ಆದರೆ ಇಳಿಕೆಯೇ ಆಗಿಲ್ಲವೆಂಬುದು ಈ ಟೀಕೆಗಳ ಅರ್ಥವಲ್ಲ. ಬಾಗುತಲೆಯ ಸುತ್ತಿಗೆ ಶಾರ್ಕ್ ಕುರಿತು 2009ರಲ್ಲಿ ಪ್ರಕಟವಾದ ಪ್ರತ್ಯೇಕ ಮೌಲ್ಯಮಾಪನವು 1981ರಿಂದ 2005ರ ನಡುವೆ ಸುಮಾರು ಶೇ. 83ರಷ್ಟು ಇಳಿಕೆಯನ್ನು ಕಂಡಿತು. ಅದರ ಆಧಾರದ ಮೇಲೆ ಅಮೆರಿಕ ಸರ್ಕಾರವು 2011ರಲ್ಲಿ ಈ ಶಾರ್ಕನ್ನು ಅತಿಯಾಗಿ ಹಿಡಿಯಲ್ಪಟ್ಟ ಪ್ರಭೇದವೆಂದು ಘೋಷಿಸಿತು. ಮೂರು ಜಾತಿಯ ಸುತ್ತಿಗೆತಲೆ ಶಾರ್ಕ್‌ಗಳನ್ನೂ ಬಿಳಿತುದಿ ಸಾಗರ ಶಾರ್ಕನ್ನೂ 2013ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸೈಟಿಸ್ ಸಮ್ಮೇಳನವು ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಇದರಿಂದಾಗಿ ಭಾರತವೂ ಸದಸ್ಯನಾಗಿರುವ ಈ ಒಪ್ಪಂದದಡಿ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಅಗತ್ಯವಾಯಿತು.

ದತ್ತಸಂಚಯ

ಮೈಯರ್ಸ್ ಅವರು ಸಂಗ್ರಹಿಸಿದ ದಾಖಲೆಗಳನ್ನು ಅವರ ನಂತರ ಸಹೋದ್ಯೋಗಿಗಳು ವಿಸ್ತರಿಸಿ 'ರ‍್ಯಾಮ್ ಲೆಗಸಿ' ಮೀನುಸಂಪತ್ತು ಮೌಲ್ಯಮಾಪನ ದತ್ತಸಂಚಯವನ್ನಾಗಿ ರೂಪಿಸಿದರು. ಇದು ಸಾರ್ವಜನಿಕರಿಗೆ ಮುಕ್ತವಾಗಿದೆ. ಮೈಯರ್ಸ್ ಅವರ ಸಹಲೇಖಕ ವರ್ಮ್ ಹಾಗೂ ಅವರ ಪ್ರಮುಖ ಟೀಕಾಕಾರರಾಗಿದ್ದ ರೇ ಹಿಲ್ಬೋರ್ನ್ 2009ರಲ್ಲಿ ಒಂದುಗೂಡಿ ಬರೆದ ಪ್ರಬಂಧಕ್ಕೆ ಇದೇ ದತ್ತಸಂಚಯ ನೆರವಾಯಿತು. ಪರಿಶೀಲಿಸಿದ ಹತ್ತು ಸಾಗರ ವ್ಯವಸ್ಥೆಗಳ ಪೈಕಿ ಐದರಲ್ಲಿ ಹಿಡಿತದ ಪ್ರಮಾಣ ತಗ್ಗಿದೆಯೆಂದೂ, ಮೌಲ್ಯಮಾಪನಗೊಂಡ ಮೀನುಸಂಪತ್ತುಗಳಲ್ಲಿ ಶೇ. 63ರಷ್ಟಕ್ಕೆ ಇನ್ನೂ ಪುನಶ್ಚೇತನ ಬೇಕೆಂದೂ ಅದರಲ್ಲಿ ಇಬ್ಬರೂ ಒಪ್ಪಿಕೊಂಡರು.