ಕಣ್ಣು ಮಿಟುಕಿಸುವ ಮೊದಲಿನ ಪಾಟ್

2018ರ ಫೆಬ್ರವರಿ, ಎರಡನೇ ವಾರ. ಸಂಜೆ ಹೊತ್ತು ಉಪ್ಪನ ಅಂಗಡಿಯಲ್ಲಿದ್ದೆ. ಸಕ್ಕರೆಗೆ ಬಂದ ಹುಡುಗನೊಬ್ಬ ಮೊಬೈಲನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿ ಒಂದು ವಿಡಿಯೋ ಹಚ್ಚಿದ. ಶಾಲೆಯ ಸಮವಸ್ತ್ರ ಹಾಕಿದ ಮಕ್ಕಳು, ವೇದಿಕೆಯಲ್ಲಿ ಹಾಡು. ಒಬ್ಬ ಹುಡುಗ ಹುಬ್ಬು ಹಾರಿಸುತ್ತಾನೆ, ಹುಡುಗಿಯೂ ಹಾರಿಸುತ್ತಾಳೆ. ಆಮೇಲೆ ಅವಳು ಒಂದು ಕಣ್ಣು ಮಿಟುಕಿಸುತ್ತಾಳೆ. ಆ ವಾರ ದೇಶವೆಲ್ಲ ನೋಡಿದ ವಿಡಿಯೋ ಅದು, ನಿಮಗೂ ನೆನಪಿರಬಹುದು.

ಉಪ್ಪ ನಮಗೆ ಬೆನ್ನು ಹಾಕಿ ತೂಕ ಮಾಡುತ್ತಿದ್ದರು. ತಿರುಗಿ ನೋಡಲೇ ಇಲ್ಲ, ಆದರೆ ಜೊತೆಗೆ ಗುನುಗತೊಡಗಿದರು. ಮೊಬೈಲಿನಲ್ಲಿ ಮುಂದಿನ ಸಾಲು ಬರುವ ಮೊದಲೇ ಉಪ್ಪನ ಬಾಯಲ್ಲಿ ಬಂದಿತ್ತು. ಪೊಟ್ಟಣ ಕಟ್ಟಿ ಕೊಟ್ಟ ಮೇಲೆ ಕನ್ನಡಕ ಹಾಕಿಕೊಂಡು ವಿಡಿಯೋವನ್ನು ಮೊದಲಿನಿಂದ ಪೂರ್ತಿ ನೋಡಿದರು. ನೋಡಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಕಚ್ಚೋಡ ಎಲ್ಲಿ?"

ಆ ಪ್ರಶ್ನೆ ನನಗೆ ಅರ್ಥವಾಗಲು ಒಂದಷ್ಟು ದಿನ ಬೇಕಾಯಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತೇನೆ.

'ಮಾಣಿಕ್ಯ ಮಲರಾಯ ಪೂವಿ' ಸಿನಿಮಾಕ್ಕಾಗಿ ಹುಟ್ಟಿದ ಹಾಡಲ್ಲ. ಬರೆದವರು ಕೊಡುಂಗಲ್ಲೂರು ಕಡೆಯ ಪಿ.ಎಂ.ಎ. ಜಬ್ಬಾರ್. 1978ರಲ್ಲಿ ಅದಕ್ಕೆ ರಾಗ ಹಾಕಿ ಮೊದಲು ಹಾಡಿದವರು ತಲಶ್ಶೇರಿ ಕೆ. ರಫೀಕ್. ಆಮೇಲೆ ಎರಂಞೋಳಿ ಮೂಸಾರಂಥವರ ಬಾಯಲ್ಲಿ, ಕ್ಯಾಸೆಟ್ಟಿನಲ್ಲಿ, ಮದುವೆ ಮನೆಯಲ್ಲಿ ಸುತ್ತಿ ಸುತ್ತಿ ಅದು ಎಲ್ಲರ ಪಾಟ್ ಆಯಿತು. 'ಎಲ್ಲರ ಪಾಟ್' ಆಗುವುದು ಎಂದರೆ ಬರೆದವನ ಹೆಸರು ಹೋಗುವುದು ಅಂತಲೂ ಅರ್ಥ. ನಮ್ಮ ಮನೆಯಲ್ಲಿ ಯಾರೂ ಜಬ್ಬಾರರ ಹೆಸರು ಕೇಳಿದವರಲ್ಲ. ಅದು ಕಾರ್ನೋರ ಕಾಲದ ಹಾಡು ಎಂದೇ ಉಪ್ಪ ತಿಳಿದಿದ್ದರು. ಅವರ ಯೌವನದಲ್ಲೇ ಹುಟ್ಟಿದ ಹಾಡು ಎಂದು ನಾನು ಹೇಳಿದಾಗ ನಂಬಲಿಲ್ಲ.

ಹಾಡು ಯಾರ ಬಗ್ಗೆ? ಮಕ್ಕಾದ ಖದೀಜಾ ಬೀವಿ (ರ.ಅ) ಮತ್ತು ಪ್ರವಾದಿ ಮುಹಮ್ಮದರ (ಸ) ಮದುವೆಯ ಬಗ್ಗೆ. ಮದ್ರಸದಲ್ಲಿ ನಾವೆಲ್ಲ ಕಲಿತ ಕಥೆ. ಖದೀಜಾ ಬೀವಿ ದೊಡ್ಡ ವ್ಯಾಪಾರಿ, ವಿಧವೆ. ಶಾಮಿಗೆ ಸರಕು ಒಯ್ಯಲು ನಂಬಿಕಸ್ಥನೊಬ್ಬ ಬೇಕಿತ್ತು. ಆಗ ಇಪ್ಪತ್ತೈದರ ಹರೆಯದ, ಇನ್ನೂ ಪ್ರವಾದಿಯಾಗಿರದ ಮುಹಮ್ಮದರು ಅವರ ಸರಕು ಹೊತ್ತು ಹೋಗಿ ಲಾಭ ತಂದು ಲೆಕ್ಕ ಒಪ್ಪಿಸಿದರು. ಜೊತೆಗೆ ಹೋಗಿದ್ದ ಸೇವಕ ಮೈಸರಾ ಅವರ ಪ್ರಾಮಾಣಿಕತೆಯನ್ನು ಬೀವಿಗೆ ವರದಿ ಮಾಡಿದ. ಮದುವೆಯ ಪ್ರಸ್ತಾಪ ಹೋದದ್ದು ಬೀವಿಯ ಕಡೆಯಿಂದ. ನಲವತ್ತು ವರ್ಷ ಅಂಗಡಿ ನಡೆಸಿದ ಮನುಷ್ಯನಿಗೆ ಇದು ಪ್ರೇಮದ ಕಥೆಗಿಂತ ಮೊದಲು ತಕ್ಕಡಿಯ ಕಥೆ. ಸರಿಯಾಗಿ ತೂಗಿದವನಿಗೆ ಸಿಕ್ಕಿದ ಗೌರವದ ಕಥೆ. ಉಪ್ಪ ಆ ಪಾಟನ್ನು ಅಷ್ಟು ವರ್ಷ ಹಾಗೆ ಕೇಳಿದ್ದರು. ವಿಡಿಯೋದಲ್ಲಿ ಪದಗಳು ಅವೇ ಇದ್ದವು, ಶಾನ್ ರಹ್ಮಾನ್ ಹೊಸದಾಗಿ ಸಜ್ಜುಗೊಳಿಸಿದ ರಾಗ ಚಂದವಿತ್ತು, ವಿನೀತ್ ಶ್ರೀನಿವಾಸನ್ ಧ್ವನಿಯೂ ಚಂದವಿತ್ತು. ವ್ಯಾಪಾರ ಮಾತ್ರ ಕಾಣಲಿಲ್ಲ.

ನಮ್ಮ ಕಡೆ, ಅಂದರೆ ಮಂಜೇಶ್ವರ-ಉಪ್ಪಳ ಭಾಗದಲ್ಲಿ, ಈ ಪಾಟ್‌ಗಳಿಗೆ ಇನ್ನೊಂದು ಬದುಕೂ ಉಂಟು. ಮಾಪಿಳ್ಳೆ ಹಾಡು ಮೊದಲು ಬರೆಯಲ್ಪಟ್ಟದ್ದು ಅರಬಿ-ಮಲಯಾಳ ಲಿಪಿಯಲ್ಲಿ. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಬರೆದ 'ಮುಹಿಯುದ್ದೀನ್ ಮಾಲೆ'ಯಿಂದ ಆ ಸಾಲು ಶುರು. ಆಮೇಲೆ ಮಲಯಾಳ ಲಿಪಿ ಬಂತು. ನಮ್ಮಲ್ಲಿ ಮೂರನೆಯದೂ ಬಂತು. ನನ್ನ ಇತ್ತಾ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಮಲಯಾಳ ಓದಲು ಬಾರದು. ಅವಳ ನಲವತ್ತು ಪುಟದ ನೋಟ್‌ಬುಕ್ಕಿನ ತುಂಬ ಒಪ್ಪನೆ ಪಾಟ್, ಮೊಯ್ಲಾಂಜಿ ಪಾಟ್, ಎಲ್ಲ ಕನ್ನಡ ಅಕ್ಷರದಲ್ಲಿ. ಮಲಯಾಳದಲ್ಲಿ ಇವತ್ತಿಗೂ ಉಳಿದಿರುವ, ಹಳಗನ್ನಡದಲ್ಲಿ ಇದ್ದು ನಾವು ಕಳೆದುಕೊಂಡಿರುವ 'ೞ' ಬಂದಾಗಲೆಲ್ಲ ಅವಳು 'ಳ' ಬರೆದು ಅಡಿಗೆ ಒಂದು ಚುಕ್ಕಿ ಇಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಂತಹ ನೋಟ್‌ಬುಕ್ಕು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದವು, ಈಗ ಹೆಚ್ಚಿನವು ಗುಜರಿಗೆ ಹೋಗಿರಬೇಕು.

ಮಾಪಿಳ್ಳೆ ಪಾಟನ್ನು ಸಾಹಿತ್ಯ ಎಂದು ಒಪ್ಪಿಸಲು ದೊಡ್ಡ ದನಿಯಲ್ಲಿ ವಾದಿಸಿದವರೂ ನಮ್ಮ ಜಿಲ್ಲೆಯವರೇ. ತಳಂಗರೆಯ ಟಿ. ಉಬೈದ್ (1908–1972), ಶಾಲೆಯಲ್ಲಿ ಕನ್ನಡ ಓದಿದವರು, ಮಲಯಾಳ ಕವಿಯಾದವರು. 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ತಿನಲ್ಲಿ ಈ ಹಾಡುಗಳ ಪರವಾಗಿ ಪ್ರಬಂಧ ಮಂಡಿಸಿದರು. ಈ ಹಾಡುಗಳಿಗೆ ವ್ಯಾಕರಣ ಉಂಟು, ಇಶಲ್ ಎಂಬ ಧಾಟಿಗಳುಂಟು. ಪ್ರಾಸಗಳಿಗೆ ಕಂಬಿ, ಕಳುತ್ತ್, ವಾಲ್‌ಕಂಬಿ ಎಂದು ಹೆಸರು. ಕಂಬಿ ಎಂದರೆ ಸರಳು, ಕಳುತ್ತ್ ಎಂದರೆ ಕುತ್ತಿಗೆ, ವಾಲ್ ಎಂದರೆ ಬಾಲ. ಡಿಪ್ಲೊಮಾದಲ್ಲಿ ಸರಳಿನ ಬಲ ಲೆಕ್ಕ ಹಾಕಿ ಬೇಜಾರಾಗಿದ್ದ ನನಗೆ ಪದ್ಯಕ್ಕೂ ಕಂಬಿ ಬೇಕು ಎಂದು ಗೊತ್ತಾದಾಗ ಖುಷಿಯಾಯಿತು. ಮೊಗ್ರಾಲ್‌ಗೆ 'ಇಶಲ್ ಗ್ರಾಮ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಇನ್ನು ವಿಡಿಯೋದ ವಿಷಯಕ್ಕೆ ಬರುತ್ತೇನೆ. ಮೊದಲು ಕ್ಯಾಸೆಟ್. ಅಂಗಡಿಯ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟ್ ಸಡಿಲಾದರೆ ಎಂತಹ ಗಾಯಕನೂ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳಿಸುತ್ತಿತ್ತು. ಆ ಬೆಲ್ಟ್ ಬದಲಾಯಿಸಿದ್ದೇ ನಾನು ಮಾಡಿದ ಮೊದಲ ರಿಪೇರಿ. ಕ್ಯಾಸೆಟ್ಟು ಗಲ್ಫಿನ ಮನೆಗಳ ಕಾಗದವೂ ಆಗಿತ್ತು. ಎಸ್.ಎ. ಜಮೀಲ್ ಅವರ 'ದುಬೈ ಕತ್ತ್ ಪಾಟ್' ಹೆಂಡತಿ ಗಂಡನಿಗೆ ಬರೆದ ಪತ್ರದ ರೂಪದಲ್ಲಿದೆ. ಅದಕ್ಕೆ ಗಂಡನ ಉತ್ತರದ ಹಾಡೂ ಉಂಟು. ಇಂಥ ಹಾಡುಗಳಿಗೆ ಮುಖ ಇರಲಿಲ್ಲ. ನಮ್ಮ ಉಮ್ಮ ಕೇಳುವಾಗ ಹೆಂಡತಿ ಉಮ್ಮನೇ ಆಗುತ್ತಿದ್ದಳು, ಪಕ್ಕದ ಮನೆಯವರು ಕೇಳಿದರೆ ಅವರೇ.

2000ದ ನಂತರ ಬಂತು ವಿಸಿಡಿ. ಒಂದು ತಟ್ಟೆಯಲ್ಲಿ 74 ನಿಮಿಷ, 352 ಗುಣಿಸು 288 ಚುಕ್ಕಿಯ ಮಸುಕು ಚಿತ್ರ. ಐದಾರು ನಿಮಿಷದ ಹತ್ತು-ಹನ್ನೆರಡು ಹಾಡು ಹಿಡಿಯುತ್ತಿತ್ತು, ಹಾಗಾಗಿ ಒಂದು ಆಲ್ಬಂ ಎಂದರೆ ಹತ್ತು-ಹನ್ನೆರಡು ಹಾಡು. ತಾಜುದ್ದೀನ್ ವಡಗರ, ಸಲೀಂ ಕೋಡತ್ತೂರು, ಕಣ್ಣೂರು ಶರೀಫ್, ಇವರೆಲ್ಲ ನಮ್ಮ ಹೀರೋಗಳು. ಗಾಯಕನೇ ನಾಯಕ. ಬಿಳಿ ಅಂಗಿ, ಸಮುದ್ರ ತೀರ, ತೆಂಗಿನ ಮರಕ್ಕೆ ಒರಗಿ ನಿಟ್ಟುಸಿರು, ತಟ್ಟದ ಸೆರಗು ಗಾಳಿಗೆ. ಹುಡುಗಿಗೆ ಬೇರೆಯವನೊಂದಿಗೆ ಮದುವೆ, ನಾಯಕನೇ ಬಿರಿಯಾನಿ ಬಡಿಸುವುದು. ಈಗ ನೋಡಿದರೆ ನಗು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹದಿನೇಳರ ವಯಸ್ಸಿನಲ್ಲಿ 'ಖಲ್ಬಾಣ್ ಫಾತಿಮ' ನೋಡಿ ನಾನು ರಾತ್ರಿ ಊಟ ಬಿಟ್ಟದ್ದೂ ಸುಳ್ಳಲ್ಲ. ಬ್ಯಾರಿ ಆಲ್ಬಂಗಳೂ ಅದೇ ಅಚ್ಚಿನಲ್ಲಿ ಬಂದವು. ಅದೇ ಬಿಳಿ ಅಂಗಿ, ಆದರೆ ನಾವು ಮನೆಯಲ್ಲಿ ಆಡುವ ಮಾತು! ಟಿವಿಯಲ್ಲಿ ನಮ್ಮ ಮಾತು ಕೇಳಿ ಮನೆಯ ಹೆಂಗಸರು ಬಾಯಿ ಮುಚ್ಚಿ ನಕ್ಕದ್ದು ನನಗೆ ನೆನಪಿದೆ. ನಾಚಿಕೆಯೋ ಹೆಮ್ಮೆಯೋ, ಎರಡೂ ಇರಬೇಕು. 'ಬ್ಯಾರಿ' ಸಿನಿಮಾ ರಾಷ್ಟ್ರ ಪ್ರಶಸ್ತಿ ಗೆದ್ದದ್ದು ಆಮೇಲಿನ ಮಾತು.

(ನಮ್ಮ ಜಿಲ್ಲೆಯ ಅತಿ ಪ್ರಸಿದ್ಧ ಮ್ಯೂಸಿಕ್ ವಿಡಿಯೋ ಯಾವುದು ಗೊತ್ತೇ? 1995ರ 'ಬಾಂಬೆ' ಚಿತ್ರದ, ಹರಿಹರನ್ ಹಾಡಿದ ಆ ಮಳೆಯ ಹಾಡು. ಮನೀಷಾ ಕೊಯಿರಾಲ ಬುರ್ಖಾದಲ್ಲಿ ಓಡಿ ಬರುವುದು ನಮ್ಮ ಬೇಕಲ ಕೋಟೆಯಲ್ಲಿ. ಕೆಳದಿಯ ಶಿವಪ್ಪ ನಾಯಕನ ಹೆಸರು ಅಂಟಿರುವ ಕೋಟೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.)

ಮತ್ತೆ 2018ಕ್ಕೆ. ವಿಡಿಯೋ ಬಂದ ವಾರದೊಳಗೆ ಹೈದರಾಬಾದಿನಲ್ಲಿ ದೂರು ದಾಖಲಾಯಿತು. ಪ್ರವಾದಿಯ ಪತ್ನಿಯ ಹಾಡಿಗೆ ಕಣ್ಣು ಮಿಟುಕಿಸಿದ್ದು ಅವಮಾನ ಎಂದು. ಫೆಬ್ರವರಿ 21ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆಗಸ್ಟ್ 31ರಂದು ಪ್ರಕರಣವನ್ನೇ ರದ್ದು ಮಾಡಿತು. ಧರ್ಮವನ್ನು ಅವಮಾನಿಸುವ ಉದ್ದೇಶ ಇಲ್ಲದಿದ್ದರೆ ಅಪರಾಧವಿಲ್ಲ ಎಂಬ 1957ರ ಸಂವಿಧಾನ ಪೀಠದ ತೀರ್ಪನ್ನು ಆಧಾರ ಮಾಡಿಕೊಂಡಿತು. ನನಗೆ ಸರಿ ಎನಿಸಿತು. ಪ್ರೇಮವೂ ಮಾಪಿಳ್ಳೆ ಪಾಟೂ ಶತ್ರುಗಳಲ್ಲ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ಇಪ್ಪತ್ತರ ಹರೆಯದಲ್ಲಿ, 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದರು. ಪೂರ್ತಿ ಪ್ರೇಮಕಥೆ. ಅದನ್ನು ನಮ್ಮ ಹಿರಿಯರು ಮಸೀದಿಗೆ ಹೋಗಿ ಬಂದು ಕೂತು ಹಾಡಿದವರೇ.

ಆದರೆ ದೂರು ಕೊಟ್ಟವರೂ, ಬೆಂಬಲಿಸಿದವರೂ, ಟಿವಿಯಲ್ಲಿ ಕೂಗಾಡಿದವರೂ ಒಂದೇ ಕಣ್ಣನ್ನು ನೋಡುತ್ತಿದ್ದರು. ಹಾಡನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ತಕರಾರು ಇಷ್ಟೇ.

ಆ ಗಲಾಟೆಯ ನಡುವೆಯೇ ಪತ್ರಿಕೆಗಳು ಒಂದು ಸುದ್ದಿ ಹಾಕಿದವು. ಹಾಡು ಬರೆದ ಪಿ.ಎಂ.ಎ. ಜಬ್ಬಾರ್ ಸೌದಿಯ ರಿಯಾದಿನಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ ಎಂದು. ನಾನು ಆ ಸುದ್ದಿಯನ್ನು ಉಪ್ಪನಿಗೆ ಓದಿ ಹೇಳಿದೆ. ಉಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಯವನಾ?" ಎಂದರು. ಅವರ ಮುಖ ಅರಳಿತು. ಮಕ್ಕಾದ ವ್ಯಾಪಾರದ ಪಾಟ್ ಬರೆದವರು ಅರಬರ ನೆಲದಲ್ಲೇ ಯಾರದೋ ಅಂಗಡಿಯಲ್ಲಿ ಸಾಮಾನು ಕಟ್ಟಿ ಕೊಡುತ್ತಿದ್ದಾರೆ. ಇಪ್ಪತ್ತು-ಮೂವತ್ತು ವರ್ಷ ಗಲ್ಫಿನ ಬಕಾಲಗಳಲ್ಲಿ ನಿಂತ ನಮ್ಮ ಊರಿನ ಎಷ್ಟೋ ಮಂದಿಯ ಹಾಗೆ.

ಇಲ್ಲಿ ನನಗೆ ಉತ್ತರ ಸಿಗದ ಒಂದು ತೊಡಕಿದೆ. ಆ ಕಣ್ಣು ಮಿಟುಕದಿದ್ದರೆ ಪತ್ರಿಕೆಯವರು ಜಬ್ಬಾರರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ನಲವತ್ತು ವರ್ಷ ಮರ್ಯಾದೆಯಿಂದ ಕೇಳಿದ ನಾವು ಅವರ ಹೆಸರು ಕೇಳಲಿಲ್ಲ. ಮರ್ಯಾದೆ ತೆಗೆಯಿತು ಎಂದು ಬೈಸಿಕೊಂಡ ವಿಡಿಯೋ ಅವರ ಹೆಸರನ್ನು ತಂದಿತು.

ಮುಖ ಕೊಟ್ಟು ಹಾಡನ್ನು ದೊಡ್ಡದು ಮಾಡಿದ ವಿಡಿಯೋಗಳೂ ಉಂಟು. 'ನೇಟಿವ್ ಬಾಪ್ಪ' ನೋಡಿಲ್ಲದವರು ನೋಡಬೇಕು. ಮುಹ್ಸಿನ್ ಪರಾರಿ ಮತ್ತು ಗೆಳೆಯರು 'ಮಾಪಿಳ ಲಹಳ' ಎಂಬ ಹೆಸರಲ್ಲಿ ಮಾಡಿದ್ದು. ಮಗನಿಗೆ ಭಯೋತ್ಪಾದಕ ಎಂಬ ಹಣೆಪಟ್ಟಿ ಬಿದ್ದ ಒಬ್ಬ ತಂದೆ ಮಾತಾಡುತ್ತಾನೆ. ಹಾಡುವುದಿಲ್ಲ, ಮಾತಾಡುತ್ತಾನೆ, ಹಿಂದೆ ಹಿಪ್‌ಹಾಪ್. ಆ ತಂದೆ ಮಾಮುಕ್ಕೋಯ. ಜೀವನವಿಡೀ ನಮ್ಮನ್ನು ನಗಿಸಿದ ಮುಖ, ಹಲ್ಲು ಕಾಣಿಸದೆ ಮಾತಾಡುವಾಗ ಎದೆ ಹಿಂಡುತ್ತದೆ. ಆ ಮುಖ ಇಲ್ಲದೆ ಆ ಪಾಟ್ ಇಲ್ಲ. ಅದೇ ಮುಹ್ಸಿನ್ 2022ರ 'ತಲ್ಲುಮಾಲ'ಕ್ಕೆ ಹಾಡು ಬರೆದರು. ತಲ್ಲು ಎಂದರೆ ಹೊಡೆದಾಟ, ಮಾಲ ಅದೇ ಹಳೆಯ ಮಾಲೆ. ಸಂತರ ಮಹಿಮೆ ಪೋಣಿಸುತ್ತಿದ್ದ ದಾರಕ್ಕೆ ಈಗ ಬೀದಿ ಜಗಳ ಪೋಣಿಸಿದ್ದಾರೆ! 'ಮಣವಾಳನ್ ಥಗ್'ನಲ್ಲಿ ಡಬ್ಸಿಯ ರ‍್ಯಾಪ್ ಕೇಳಿ, ಪದ ಪದಕ್ಕೆ ಡಿಕ್ಕಿ ಹೊಡೆಯುವ ಆ ಪ್ರಾಸ ನನಗೆ ಕಂಬಿಯ ಮೊಮ್ಮಗನ ಹಾಗೆ ಕೇಳಿಸುತ್ತದೆ. ಉಪ್ಪನಿಗೆ ತೋರಿಸಿದೆ. ಬಟ್ಟೆಯ ಬಣ್ಣ ಜಾಸ್ತಿಯಾಯಿತು ಎಂದರು.

ಇತ್ತಾಳ ಮಗಳು ಈಗ ಕಲೋತ್ಸವಕ್ಕೆ ಸೇರುತ್ತಾಳೆ, ಕನ್ನಡ ಕಂಠಪಾಠಕ್ಕೂ ಮಾಪಿಳ್ಳೆ ಪಾಟಿಗೂ. ಅವಳಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ಆದರೂ ತಾಯಿಯ ಹಳೇ ನೋಟ್‌ಬುಕ್ಕೇ ಬೇಕು. ಮೊನ್ನೆ ರಜೆಯಲ್ಲಿ ಅದನ್ನು ಅಂಗಡಿಗೆ ತಂದಿದ್ದಳು. 'ಮಾಣಿಕ್ಯ ಮಲರಾಯ' ಹದಿಮೂರನೇ ಪುಟದಲ್ಲಿ, ಚುಕ್ಕಿ ಇಟ್ಟ ಳ-ಗಳೊಂದಿಗೆ. ಮೇಲೆ ಇತ್ತಾ 'ರಚನೆ' ಎಂದು ಬರೆದು, ಗೊತ್ತಿಲ್ಲದೆ, ಖಾಲಿ ಬಿಟ್ಟಿದ್ದಳು. ಉಪ್ಪ ಕಿವಿಗೆ ಸಿಕ್ಕಿಸಿದ್ದ ಲೆಕ್ಕದ ಪೆನ್ನು ತೆಗೆದು ಆ ಜಾಗದಲ್ಲಿ ದಪ್ಪಕ್ಷರದಲ್ಲಿ 'ಪಿ.ಎಂ.ಎ. ಜಬ್ಬಾರ್' ಎಂದು ಬರೆದರು. ಕೆಳಗೆ ಸ್ವಲ್ಪ ಯೋಚಿಸಿ 'ಅಂಗಡಿ' ಎಂದೂ ಸೇರಿಸಿದರು.