ಹಗೇವಿನಿಂದ ಆ್ಯಂಗಲ್ ರ‍್ಯಾಕಿನವರೆಗೆ: ಕಾಮಾಕ್ಷಿಪಾಳ್ಯದಲ್ಲಿ ಒಂದು ದಿನ

ಮಾಗಡಿ ಕಡೆಯ ರೈತರ ಗುಂಪೊಂದು ಸುಂಕದಕಟ್ಟೆ ಹತ್ತಿರ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದೆ. ರಾಗಿ, ಅವರೆ, ಹುರುಳಿ ತಂದು ಇಲ್ಲಿಟ್ಟುಕೊಂಡು, ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ ವಿಜಯನಗರ, ಬಸವೇಶ್ವರನಗರದ ಅಂಗಡಿಗಳಿಗೆ ಹಾಕುವ ಯೋಚನೆ ಅವರದು. ಶೆಡ್ಡಿಗೆ ರ‍್ಯಾಕ್ ಬೇಕು, ಬೆಂಗಳೂರು ಗೊತ್ತಿದ್ದವರು ಜೊತೆಗೆ ಬಂದರೆ ಒಳ್ಳೆಯದು ಅಂತ ನಮ್ಮನ್ನು ಕರೆದರು. ಪತ್ರಿಕೆಯವರಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದನ್ನು ಕೆಡಿಸುವುದು ಯಾಕೆ ಅಂತ ನಾವೂ ಹೊರಟೆವು.

ಕಾಮಾಕ್ಷಿಪಾಳ್ಯದ ಒಂದು ಓಣಿ. ಒಂದು ಕಡೆ ಶೀಟು ಕತ್ತರಿಸುವ ಸದ್ದು, ಇನ್ನೊಂದು ಕಡೆ ಪೌಡರ್ ಕೋಟಿಂಗ್ ವಾಸನೆ. ಅಂಗಡಿಯವರು ನಮ್ಮನ್ನು ಕೂರಿಸಿ ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಏನ್ ಇಡ್ತೀರಾ ಸ್ವಾಮಿ? ಮೂಟೆನಾ, ಡಬ್ಬಾನಾ, ಪ್ಯಾಲೆಟ್ಟಾ?"

ನಾವು ಮುಖ ಮುಖ ನೋಡಿಕೊಂಡೆವು. ಗುಂಪಿನ ಹಿರಿಯರೊಬ್ಬರು ನಿಧಾನಕ್ಕೆ, "ನಮ್ಮಪ್ಪನ ಕಾಲದಲ್ಲಿ ನೆಲ ತೋಡಿ ಇಡ್ತಿದ್ರಪ್ಪ, ಈ ತಾಪತ್ರಯನೇ ಇರ್ಲಿಲ್ಲ" ಎಂದರು. ಎಲ್ಲರೂ ನಕ್ಕರು. ಆದರೆ ವಾಪಸ್ ಬರುವಾಗ ನಮ್ಮ ತಲೆಯಲ್ಲಿ ಉಳಿದಿದ್ದು ಅದೇ ಮಾತು. ಅಂಗಡಿಯವರು ಕೇಳಿದ ಮೂರು ಪದಗಳ ಹಿಂದೆ ಮೂರು ಕಾಲಗಳ ಚರಿತ್ರೆ ಇದೆ.

ಮೂಟೆಯ ಕಾಲ

ಹಳೆ ಮೈಸೂರು ಸೀಮೆಯ ರಾಗಿ ಊರುಗಳಲ್ಲಿ ಹಗೇವು ಅಂದರೆ ಗೊತ್ತಿಲ್ಲದ ಹಿರಿಯರಿಲ್ಲ. ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಾರಣ ಹುಳು ಬೀಳುತ್ತಿರಲಿಲ್ಲ, ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಮನೆಯೊಳಗೆ ಕಣಜ, ವಾಡೆ, ಗುಡಾಣ. ತಲೆಯ ಮೇಲೆ ಅಟ್ಟ. ಬೆಕ್ಕಿಗೆ ಸಿಗದ ಹಾಗೆ ಬೆಣ್ಣೆಗೆ ನೆಲುವು.

ಹಗೇವಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬಾಯಿ ತೆಗೆದ ತಕ್ಷಣ ಯಾರೂ ಒಳಗೆ ಇಳಿಯಬಾರದು. ಕಾಳೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕವೆಲ್ಲ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದಕ್ಕೇ ದೀಪ ಇಳಿಬಿಟ್ಟು, ಅದು ಆರದೆ ಉರಿಯುತ್ತದಾ ನೋಡಿ ಆಮೇಲೆ ಇಳಿಯುತ್ತಿದ್ದರು. ಅವಸರ ಮಾಡಿದವರು ಉಸಿರುಕಟ್ಟಿ ಸತ್ತ ಕಥೆ ಎಷ್ಟೋ ಊರುಗಳಲ್ಲಿ ಇವೆ. ಸಾಮಾನು ಇಡುವ ಜಾಗಕ್ಕೂ ಆಳು ತಿನ್ನುವ ಶಕ್ತಿ ಇದೆ ಅಂತ ನಮ್ಮವರಿಗೆ ಮೊದಲಿಂದ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕಾಳು ನೆಲದಿಂದ ಮೇಲೆದ್ದು ಉಗ್ರಾಣಕ್ಕೆ ಬಂತು. 1956ರಲ್ಲಿ ಕೇಂದ್ರ ಸರ್ಕಾರ ಉಗ್ರಾಣಗಳಿಗೆಂದೇ ಒಂದು ಕಾಯಿದೆ ಮಾಡಿತು. ಅದರಡಿ 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ಅದೇ ವರ್ಷ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಹುಟ್ಟಿದವು. ರೈತ ಅಲ್ಲಿ ಮೂಟೆ ಇಟ್ಟು ರಸೀದಿ ಪಡೆದು, ಆ ರಸೀದಿ ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತಬಹುದು ಅನ್ನುವುದು ಅದರ ಹಿಂದಿನ ಲೆಕ್ಕ. ಸುಗ್ಗಿಯಲ್ಲೇ ಸಿಕ್ಕ ಬೆಲೆಗೆ ಮಾರಿ ಕೈ ತೊಳೆದುಕೊಳ್ಳುವ ಕರ್ಮ ತಪ್ಪಲಿ ಅಂತ.

ಆ ಉಗ್ರಾಣಗಳಲ್ಲಿ ರ‍್ಯಾಕ್ ಇರಲಿಲ್ಲ, ಇವತ್ತಿಗೂ ಕಾಳಿನ ಉಗ್ರಾಣದಲ್ಲಿ ಇರುವುದಿಲ್ಲ. ಮೂಟೆಗೆ ಮೂಟೆಯೇ ರ‍್ಯಾಕು. ನೆಲದ ತೇವ ತಾಗದಂತೆ ಕೆಳಗೆ ಮರದ ಚೌಕಟ್ಟು, ಅದರ ಮೇಲೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಇಟ್ಟು ನಿಟ್ಟು ಒಟ್ಟುತ್ತಾರೆ. ಗೋಡೆಗೂ ನಿಟ್ಟಿಗೂ ನಡುವೆ ಒಬ್ಬ ಆಳು ಓಡಾಡುವಷ್ಟು ಜಾಗ ಬಿಡುತ್ತಾರೆ. ಹುಳು ನೋಡಲು, ಔಷಧಿ ಹೊಡೆಯಲು, ಎಣಿಸಲು ಆ ದಾರಿ ಬೇಕು. ಇದು ಹಮಾಲರ ವಿದ್ಯೆ. ಯಾವ ಡಿಪ್ಲೊಮಾದಲ್ಲೂ ಕಲಿಸುವುದಿಲ್ಲ.

ಡಬ್ಬದ ಕಾಲ

ಪಶ್ಚಿಮ ಬೆಂಗಳೂರು ಬೆಳೆದದ್ದು ಮೂಟೆಯಿಂದಲ್ಲ, ಬಿಡಿಭಾಗಗಳಿಂದ. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರಿಟ್ಟುಕೊಂಡ ರಾಜಾಜಿನಗರದಲ್ಲಿ ಮನೆಗಳ ಜೊತೆಗೇ ಕಾರ್ಖಾನೆಗಳಿಗೂ ಜಾಗ ಬಿಟ್ಟಿದ್ದರು. ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಈ ಕಡೆಗೆ ಬಂತು. ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಕಟ್ಟಿಕೊಡುವ ಕೈಗಾರಿಕಾ ವಸಾಹತು ಬಂತು. ಆ ಕೆಲಸಕ್ಕೆಂದೇ 1960ರಲ್ಲಿ ಹುಟ್ಟಿದ ರಾಜ್ಯ ಸಣ್ಣ ಕೈಗಾರಿಕೆಗಳ ನಿಗಮದ ಮುಖ್ಯ ಕಚೇರಿ ಇರುವುದು ರಾಜಾಜಿನಗರದಲ್ಲೇ. 1949ರಲ್ಲಿ ಶುರುವಾದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದ ಕಚೇರಿ ವಿಜಯನಗರದಲ್ಲಿದೆ. ಆಮೇಲೆ 1970ರ ದಶಕದಲ್ಲಿ ಪೀಣ್ಯ ಬೆಳೆಯಿತು.

ದೊಡ್ಡ ಕಾರ್ಖಾನೆಗಳಿಗೆ ಬೋಲ್ಟು, ಬುಷ್ಷು, ಗೇರು ಮಾಡಿಕೊಡುವ ನೂರಾರು ಸಣ್ಣ ಶೆಡ್ಡುಗಳು ಎದ್ದವು. ಪ್ರತಿ ಶೆಡ್ಡಿನಲ್ಲೂ ನೂರು ಥರದ ಚಿಕ್ಕ ಸಾಮಾನು. ಇದನ್ನು ಮೂಟೆಯಂತೆ ಒಟ್ಟಲಾಗುವುದಿಲ್ಲ. ಬೇಕಾದ ಡಬ್ಬ ಕೈಗೆ ಸಿಗಬೇಕು. ಸಾಮಾನು ಬದಲಾದ ಹಾಗೆ ಹಲಗೆಯ ಎತ್ತರವೂ ಬದಲಾಗಬೇಕು.

ಇದಕ್ಕೆ ಉತ್ತರ ಅಷ್ಟರಲ್ಲಿ ಇನ್ನೊಂದು ದೇಶದಲ್ಲಿ ಸಿದ್ಧವಾಗಿತ್ತು. ಡಿಮೆಟ್ರಿಯಸ್ ಕೊಮಿನೊ ಎಂಬಾತ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಗ್ರೀಕ್ ಮನೆತನದವರು, ಇಂಗ್ಲೆಂಡಿನಲ್ಲಿ ಮುದ್ರಣ ಕಂಪನಿ ನಡೆಸುತ್ತಿದ್ದರು. ಕೆಲಸ ಬದಲಾದಾಗಲೆಲ್ಲ ಮರದ ರ‍್ಯಾಕು ಒಡೆದು ಹೊಸದು ಮಾಡಿಸುವ ದಂಡ ಅವರನ್ನು ಕಾಡಿತು. ತಗಡಿನ ಪಟ್ಟಿಯನ್ನು 'ಎಲ್' ಆಕಾರಕ್ಕೆ ಬಗ್ಗಿಸಿ, ಉದ್ದಕ್ಕೂ ತೂತು ಹೊಡೆದುಬಿಟ್ಟರೆ ನಟ್ಟು ಬೋಲ್ಟಿನಲ್ಲೇ ಏನು ಬೇಕಾದರೂ ಕಟ್ಟಬಹುದು, ಬಿಚ್ಚಬಹುದು ಎಂದು ಹೊಳೆಯಿತು. 1947ರಲ್ಲಿ ಡೆಕ್ಸಿಯಾನ್ ಹೆಸರಿನಲ್ಲಿ ಕಂಪನಿ ತೆಗೆದರು. 1953ರಲ್ಲಿ ಗ್ರೀಸಿನ ಅಯೋನಿಯನ್ ದ್ವೀಪಗಳಲ್ಲಿ ಭೂಕಂಪವಾದಾಗ ಇದೇ ಪಟ್ಟಿಗಳಲ್ಲಿ ಮನೆಗಳನ್ನೇ ಕಟ್ಟಿದರು.

ನಮ್ಮ ಕಾಮಾಕ್ಷಿಪಾಳ್ಯದಲ್ಲಿ ಆ್ಯಂಗಲ್ ರ‍್ಯಾಕ್ ಅಂತ ಮಾರುವುದು ಇದನ್ನೇ. ನ್ಯಾಯಬೆಲೆ ಅಂಗಡಿ, ಔಷಧಿ ಅಂಗಡಿ, ಕೋರ್ಟಿನ ದಾಖಲೆ ಕೋಣೆ, ನಮ್ಮ ಊರ ಗ್ರಂಥಾಲಯ, ಎಲ್ಲಿ ನೋಡಿದರೂ ಬೂದು ಬಣ್ಣದ ಇದೇ ನಾಲ್ಕು ಕಾಲು.

ಆದರೆ ಕಬ್ಬಿಣ ಕೇಳಿದಷ್ಟು ಸಿಗುತ್ತಿರಲಿಲ್ಲ. ಭದ್ರಾವತಿಯಲ್ಲಿ 1923ರಿಂದಲೇ ಕಬ್ಬಿಣ ಕರಗಿಸುತ್ತಿದ್ದರೂ, ದೇಶದಲ್ಲಿ ಉಕ್ಕಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. ಸಣ್ಣ ಕೈಗಾರಿಕೆಯವರು ಕೋಟಾ ಬರುವುದನ್ನು ಕಾಯಬೇಕಿತ್ತು. 1992ರ ಜನವರಿಯಲ್ಲಿ ಆ ಹಿಡಿತ ಸಡಿಲವಾಯಿತು. ಅಲ್ಲಿಯವರೆಗೆ ತಗಡು ಎಂದರೆ ಚಿನ್ನ. ಒಂದು ರ‍್ಯಾಕು ಮಾಡಿಸಿದರೆ ಮೂರು ತಲೆಮಾರು ಬಳಸುವುದು, ಮುಚ್ಚಿದ ಶೆಡ್ಡಿನದು ತಂದು ಬಣ್ಣ ಬಳಿದು ಮತ್ತೆ ನಿಲ್ಲಿಸುವುದು ನಮ್ಮ ಅಭ್ಯಾಸ. ಉಳಿತಾಯದ ಬುದ್ಧಿ ಒಳ್ಳೆಯದೇ. ಅದರ ಇನ್ನೊಂದು ಮುಖವನ್ನು ಮುಂದೆ ಹೇಳುತ್ತೇವೆ.

ಪ್ಯಾಲೆಟ್ಟಿನ ಕಾಲ

ಮೂರನೆಯದು ಪ್ಯಾಲೆಟ್ಟು. ಮರದ ಮಣೆಯ ಮೇಲೆ ಸಾಮಾನು ಒಟ್ಟಿ, ಮಣೆಯ ಸಮೇತ ಫೋರ್ಕ್‌ಲಿಫ್ಟಿನಲ್ಲಿ ಎತ್ತಿ ಮೇಲಿಡುವುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದನ್ನು ಲೋಕಕ್ಕೆಲ್ಲ ಹಬ್ಬಿಸಿತು. ಇದಕ್ಕೆ ಬೇಕಾದದ್ದು ಎತ್ತರದ ಕಂಬ, ದಪ್ಪ ತೊಲೆಯ ಭಾರಿ ರ‍್ಯಾಕು.

ನಮ್ಮಲ್ಲಿ ಇದು ತಡವಾಗಿ ಬಂತು. ಅದಕ್ಕೆ ತೆರಿಗೆಯೂ ಒಂದು ಕಾರಣ. ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿದ್ದುದರಿಂದ ಕಂಪನಿಗಳು ಪ್ರತಿ ರಾಜ್ಯದಲ್ಲೂ ಒಂದೊಂದು ಸಣ್ಣ ಗೋಡೌನು ಇಟ್ಟುಕೊಳ್ಳುತ್ತಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಅಗತ್ಯ ತಪ್ಪಿತು. ಸಣ್ಣ ಗೋಡೌನುಗಳ ಬದಲು ದೊಡ್ಡವು ಎದ್ದವು. ತುಮಕೂರು ರಸ್ತೆಯಲ್ಲಿ ನೆಲಮಂಗಲ, ದಾಬಸ್‌ಪೇಟೆ ಕಡೆ ಹೋದರೆ ಹೊಲದ ನಡುವೆ ಬಿಳಿ ಆನೆ ಮಲಗಿದಂತೆ ಕಾಣುವ ಕಟ್ಟಡಗಳೆಲ್ಲ ಅವೇ. ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ರ‍್ಯಾಕು ಬೆಳೆದಿದೆ. ಆ ಹೊಲದವರ ಮಕ್ಕಳೇ ಒಳಗೆ ಸಾಮಾನು ಎತ್ತಿಡುತ್ತಾರೆ.

ಮುರಿದ ಕಾಲು

ಈಗ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಮ್ಮೂರಿನ ಹುಡುಗನೊಬ್ಬ ಪಶ್ಚಿಮ ಬೆಂಗಳೂರಿನ ಒಂದು ಬಿಡಿಭಾಗದ ಗೋಡೌನಿನಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ರ‍್ಯಾಕು ಕುಸಿದು ಅವನ ಕಾಲು ಮುರಿಯಿತು. ನಾವು ನಾಲ್ಕು ಸಾಲು ಸುದ್ದಿ ಕಳಿಸಿದೆವು. ರ‍್ಯಾಕು ಕುಸಿದು ಕಾರ್ಮಿಕನಿಗೆ ಗಾಯ, ಅಷ್ಟೇ. ಯಾಕೆ ಕುಸಿಯಿತು ಅಂತ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಕಾಮಾಕ್ಷಿಪಾಳ್ಯದ ಅಂಗಡಿಯವರಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಕೆಳಗಿನ ಶೆಲ್ಫು ತೆಗ್ದಿದ್ರಾ?" ನಾವು ಅಲ್ಲಿಂದಲೇ ಹುಡುಗನಿಗೆ ಫೋನು ಮಾಡಿದೆವು. ಹೌದಂತೆ. ಆಯಿಲ್ ಡ್ರಮ್ಮು ಹಿಡಿಸಲಿ ಅಂತ ಕೆಳಗಿನ ಶೆಲ್ಫು ಬಿಚ್ಚಿಸಿದ್ದರಂತೆ. ರ‍್ಯಾಕು ಹಳೆಯದು, ಒಂದು ಕಾಲಿಗೆ ತಳ್ಳುಗಾಡಿ ಬಡಿದು ಮೊದಲೇ ಡೊಂಕಾಗಿತ್ತಂತೆ.

ಕಾರಣ ಸರಳ. ಶೆಲ್ಫು ಸಾಮಾನು ಇಡಲು ಮಾತ್ರ ಇರುವುದಲ್ಲ, ನಾಲ್ಕು ಕಾಲುಗಳನ್ನು ಹಿಡಿದಿಡುವುದೂ ಅದೇ. ತೆಳು ಕಂಬದ ಮೇಲೆ ಭಾರ ಹೇರಿದರೆ ಅದು ಜಜ್ಜಿಹೋಗುವ ಮೊದಲೇ ಪಕ್ಕಕ್ಕೆ ಬಾಗುತ್ತದೆ. ಇದರ ಲೆಕ್ಕವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಹಾಕಿಕೊಟ್ಟಿದ್ದಾನೆ. ಆಸರೆ ಇಲ್ಲದ ಉದ್ದ ಎರಡು ಪಟ್ಟಾದರೆ ಕಂಬ ತಡೆಯುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಿನ ಶೆಲ್ಫುಗಳ ಭಾರವೆಲ್ಲ ಸೇರುವುದು ಕೆಳಗಿನ ಆ ಗೇಣುದ್ದದಲ್ಲೇ. ಒಂದು ಶೆಲ್ಫಿಗೆ 100 ಕೆಜಿಯಂತೆ ಐದು ಶೆಲ್ಫು ತುಂಬಿದರೆ 500 ಕೆಜಿ. ಕೆಳಗಿನದು ಬಿಚ್ಚಿದರೆ ಮುರಿಯದೆ ಇನ್ನೇನು?

ಕಾರ್ಖಾನೆಯಲ್ಲಿ ಭಾರ ಎತ್ತುವ ಯಂತ್ರದ ಮೇಲೆ ಅದು ಎಷ್ಟು ತಡೆಯುತ್ತದೆ ಎಂದು ಕಾಣುವಂತೆ ಬರೆದಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ನಾವು ಅವತ್ತು ನೋಡಿದ ಹಳೆ ರ‍್ಯಾಕುಗಳಲ್ಲಿ ಒಂದರ ಮೇಲೂ ಅಂಥ ಬರಹ ಇರಲಿಲ್ಲ. ಹೊಸ ಬಣ್ಣ ಮಾತ್ರ ಇತ್ತು.

ಕೊನೆಗೆ ಏನು ತಂದರು

ಮಾಗಡಿಯವರು ಸಂಜೆಯವರೆಗೆ ಚರ್ಚೆ ಮಾಡಿದರು. ಹಳೆಯದು ಅರ್ಧ ಬೆಲೆಗೆ ಸಿಗುತ್ತಿತ್ತು, ಕೈಯಲ್ಲಿದ್ದ ದುಡ್ಡು ಗುಂಪಿನ ಹೆಂಗಸರು ಸಂಘದಲ್ಲಿ ಎತ್ತಿದ ಸಾಲ. ಕೊನೆಗೆ ಹೀಗೆ ತೀರ್ಮಾನವಾಯಿತು.

ರಾಗಿಗೆ ರ‍್ಯಾಕು ಬೇಡ. 50 ಕೆಜಿಯ 200 ಮೂಟೆ ಅಂದರೆ 10 ಟನ್. ಅದನ್ನು ಆ್ಯಂಗಲ್ ರ‍್ಯಾಕಿನ ಮೇಲೆ ಹೇರುವುದು ದಂಡ, ಅಪಾಯ. ಅದಕ್ಕೆ ಮರದ ಚೌಕಟ್ಟು ತಂದು ಉಗ್ರಾಣದವರ ಹಾಗೆ ನಿಟ್ಟು ಒಟ್ಟುವುದು. ಹಿಟ್ಟಿನ ಪೊಟ್ಟಣ, ಲೇಬಲ್ಲು, ಖಾಲಿ ಡಬ್ಬಕ್ಕೆ ಮಾತ್ರ ರ‍್ಯಾಕು. ಹತ್ತು ಬೇಕು ಅಂದುಕೊಂಡಿದ್ದವರು ನಾಲ್ಕೇ ತೆಗೆದುಕೊಂಡರು, ಆದರೆ ಹೊಸದು. ಹಳೆಯ ಹತ್ತಕ್ಕಿಂತ ಕಡಿಮೆಯಲ್ಲೇ ಮುಗಿಯಿತು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂದು ಅಂಗಡಿಯವರೇ ಹೇಳಿಕೊಟ್ಟರು. 22ಕ್ಕಿಂತ 20 ದಪ್ಪ, 20ಕ್ಕಿಂತ 18 ದಪ್ಪ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ರ‍್ಯಾಕನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಯುವುದು. ಒಂದು ಶೆಲ್ಫು ಎಷ್ಟು ತಡೆಯುತ್ತದೆ ಎಂದು ಅಂಗಡಿಯವರಿಂದ ಬಿಲ್ಲಿನಲ್ಲೇ ಬರೆಸಿಕೊಂಡೆವು.

ಶೆಡ್ಡಿನಲ್ಲಿ ರ‍್ಯಾಕು ನಿಲ್ಲಿಸಿದ ದಿನ ಆ ಹಿರಿಯರು ಮೊಮ್ಮಗಳಿಗೆ ಹೇಳಿ ಪ್ರತಿ ರ‍್ಯಾಕಿನ ಮೇಲೂ ಪೇಂಟಿನಲ್ಲಿ ಬರೆಸಿದರು: 'ಒಂದು ಶೆಲ್ಫಿಗೆ 80 ಕೆಜಿ. ಕೆಳಗಿನದು ಬಿಚ್ಚಬಾರದು.' ಆಮೇಲೆ ನಮ್ಮ ಕಡೆ ತಿರುಗಿ, "ಹಗೇವಿಗೆ ಇಳಿಯೋ ಮುಂಚೆ ದೀಪ ಬಿಡ್ತಿದ್ವಲ್ಲ, ಹಂಗೇ ಇದು" ಎಂದರು.

ಅವತ್ತು ರಾತ್ರಿ ಊರಿನ ಹುಡುಗನಿಗೆ ಮತ್ತೆ ಫೋನು ಮಾಡಿದೆವು. ಕಾಲು ಈಗ ಪರವಾಗಿಲ್ಲ, ಮಳೆಗಾಲದಲ್ಲಿ ಮಾತ್ರ ನೋಯುತ್ತದೆ ಎಂದ. ಅವನ ಬಗ್ಗೆ ಅಂದು ಬರೆದ ನಾಲ್ಕು ಸಾಲಿಗೆ ಐದನೆಯ ಸಾಲು ಸೇರಿಸುವುದು ಬಾಕಿ ಇತ್ತು. ಅದನ್ನು ಇಲ್ಲಿ ಸೇರಿಸಿದ್ದೇವೆ.