ಒಂದು ಖಣ, 72 ಜೊತೆ ಓಲೆ

ಆಗಸ್ಟ್ 7 ಬಂತಂದ್ರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕೈಮಗ್ಗದ ಬಟ್ಟೆ ಹಾಕ್ಕೊಂಡು ಫೋಟೊ ತೆಗೆಸ್ಕೋತೀವಿ. 1905ರಲ್ಲಿ ಇದೇ ದಿನ ಕಲ್ಕತ್ತದಲ್ಲಿ ಸ್ವದೇಶಿ ಚಳವಳಿ ಘೋಷಣೆಯಾಯಿತು. ಅದರ ನೆನಪಿಗೆ 2015ರಿಂದ ಇದು ರಾಷ್ಟ್ರೀಯ ಕೈಮಗ್ಗ ದಿನ. ಈ ಸಲ ನಮ್ಮ ಟೀಮಿನ ಹುಡುಗಿಯೊಬ್ಬಳು ದುಂಡನೆಯ ಬಟ್ಟೆ ಓಲೆ ಹಾಕ್ಕೊಂಡು ಬಂದಿದ್ದಳು. ‘ಮನೇಲೇ ಮಾಡಿದ್ದು’ ಅಂದಳು. ಬಟ್ಟೆ ನೋಡಿದ ಕೂಡಲೇ ಗುರುತು ಹತ್ತಿತು. ಗುಳೇದಗುಡ್ಡದ ಖಣ! ನಮ್ಮವ್ವನ ಕುಬಸದ ಬಟ್ಟೆ!

ಬಾದಾಮಿ ಹತ್ತಿರದ ಗುಳೇದಗುಡ್ಡದಲ್ಲಿ 1580ರಲ್ಲಿ ಕಟ್ಟಿಸಿದ ಕೋಟೆಯಿದೆ. ಆದ್ರೆ ಊರಿಗೆ ಹೆಸರು ತಂದದ್ದು ಕೋಟೆಯಲ್ಲ, ಕುಣಿಮಗ್ಗ. ಸಾಂಪ್ರದಾಯಿಕ ಖಣದಲ್ಲಿ ಹಾಸು ರೇಷ್ಮೆ, ಹೊಕ್ಕು ಹತ್ತಿ. ತೇರು, ಆನೆಹೆಜ್ಜೆಯಂಥ ಚಿತ್ತಾರಗಳಿಗೆ ಹೆಚ್ಚುವರಿ ಹಾಸಿನ ಎಳೆಗಳು ಬೇರೆ. ಇಳಕಲ್ ಸೀರೆಗೆ ಖಣದ ಕುಬಸ ಅನ್ನೋದು ನಮ್ಮ ಕಡೆ ಗಂಡು-ಹೆಣ್ಣಿನ ಜೋಡಿ ಇದ್ದಂಗೆ. ಮಹಾರಾಷ್ಟ್ರದ ಹೆಂಗಸರೂ ಇದರ ಚೋಳಿ ತೊಡ್ತಿದ್ದರು. ಉಡಿ ತುಂಬಲು ಖಣ, ದೇವಿಗೆ ಏರಿಸಲು ಖಣ. ಆಮೇಲೆ ಅಗ್ಗದ ಪವರ್‌ಲೂಮ್ ಬಟ್ಟೆ ಬಂತು, ಪಾಲಿಯೆಸ್ಟರ್ ಸೀರೆ ಬಂತು, ಮ್ಯಾಚಿಂಗ್ ಬ್ಲೌಸ್ ಬಂತು. ಮಗ್ಗಗಳು ಒಂದೊಂದಾಗಿ ನಿಂತವು.

ಈಗ ಅದೇ ಖಣ ಕಿವಿಗೆ ಏರಿದೆ. ಮಾಡೋದೂ ಸುಲಭ. ಹಳೇ ಲಗ್ನಪತ್ರಿಕೆಯಿಂದ ಒಂದು ದುಂಡು ಕತ್ತರಿಸಿ. ಸುತ್ತ ಅರ್ಧ ಇಂಚು ಹೆಚ್ಚು ಬಿಟ್ಟು ಬಟ್ಟೆ ಕತ್ತರಿಸಿ. ಬಟ್ಟೆಯ ಅಂಚಿಗುಂಟ ಸೂಜಿದಾರ ಓಡಿಸಿ, ರಟ್ಟನ್ನ ನಡುವೆ ಇಟ್ಟು ದಾರ ಜಗ್ಗಿದರೆ ಬಟ್ಟೆ ಹಿಂದಕ್ಕೆ ಮುದುಡಿಕೊಳ್ಳುತ್ತೆ. ಹಿಂಬದಿಗೆ ಇನ್ನೊಂದು ದುಂಡು ಅಂಟಿಸಿ, ಕೊಕ್ಕೆ ಹಾಕಿದರೆ ಆಯ್ತು.

ಮಗಳಿಗೆ ಮಾಡಿಕೊಡೋಣ ಅಂತ ಊರಿಗೆ ಹೋದಾಗ ಅವ್ವನ ಟ್ರಂಕು ತೆಗೆದೆ. ಮಡಿಕೆ ಬಿಚ್ಚದ ಖಣವೊಂದು ಸಿಕ್ತು. ಕತ್ತರಿ ಹಿಡಿದದ್ದೇ ತಡ, ಅವ್ವ ಕಸಗೊಂಡಳು.

‘ಉಡಿ ತುಂಬಿದ ಖಣಾನೋ ಅದು, ನನ್ನ ತವರಿಂದು! ಮೊದಲ ಕುಬಸ ಹೊಲಸಬೇಕು. ಉಳದ ಚಿಂದ್ಯಾಗ ಏನರ ಮಾಡ್ಕೋ.’

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಟ್ರಂಕಿನಲ್ಲಿ ಕೊಳೆಯೋ ಬಟ್ಟೆ ಮೊಮ್ಮಗಳ ಕಿವಿಗೆ ಬಂದ್ರೆ ತಪ್ಪೇನು? ಬೆಂಗಳೂರಿಗೆ ಬರೋ ಬಸ್ಸಿನಲ್ಲಿ, ಅಭ್ಯಾಸಬಲ, ಲೆಕ್ಕ ಹಾಕಿದೆ. ಮೂವತ್ತು ಇಂಚು ಉದ್ದ, ಮೂವತ್ತು ಇಂಚು ಅಗಲದ ತುಂಡು ಅಂದ್ಕೊಳ್ಳಿ. ಒಂದು ಓಲೆಗೆ ಎರಡೂವರೆ ಇಂಚಿನ ಚೌಕ. ಹನ್ನೆರಡು ಹನ್ನೆರಡ್ಲಿ 144 ಓಲೆ. ಅಂದ್ರೆ 72 ಜೊತೆ.

ಅಲ್ಲಿಗೆ ಸಿಟ್ಟು ಇಳೀತು. 72 ಹೆಂಗಸರು ಕುಬಸ ಹೊಲಿಸಿದ್ದರೆ ನೇಕಾರ 72 ಖಣ ನೇಯಬೇಕಿತ್ತು. 72 ಜನ ಓಲೆ ಹಾಕ್ಕೊಂಡು ಕೈಮಗ್ಗ ಉಳಿಸಿದೆವು ಅಂತ ಸ್ಟೇಟಸ್ ಹಾಕಿದರೂ ಆತ ಮಾರಿದ್ದು ಒಂದೇ. ಅದೂ ಬಟ್ಟೆ ಪಾಲಿಯೆಸ್ಟರ್ ನಕಲು ಅಲ್ಲದಿದ್ದರೆ!

ಅವ್ವನಿಗೆ ಈ ಗುಣಾಕಾರ ಗೊತ್ತಿಲ್ಲ. ಆದ್ರೆ ಅವಳ ಕಾಲದವರ ಪದ್ಧತಿಯಲ್ಲಿ ಅದು ಇತ್ತು. ಮೊದಲು ಕುಬಸ, ಅದರ ಚಿಂದಿಯಲ್ಲಿ ಕೂಸಿಗೆ ಕುಂಚಿಗೆ, ಹರಿದ ಮೇಲೆ ಕೌದಿ. ಚಿಂದಿ ವ್ಯರ್ಥ ಆಗ್ತಿರಲಿಲ್ಲ, ಹಾಗಂತ ಇಡೀ ಬಟ್ಟೆಯನ್ನ ಯಾರೂ ಚಿಂದಿ ಮಾಡ್ತಿರಲಿಲ್ಲ.

ಓಲೆ ಬೇಡ ಅಂತ ನಾನು ಹೇಳ್ತಿಲ್ಲ. ಖಣದ ಹೆಸರೇ ಕೇಳದವರಿಗೆ ಅದನ್ನು ತೋರಿಸಿದ್ದು ಓಲೆಯೇ. ಆದ್ರೆ ಒಂದು ಇಡೀ ಖಣ ಕೊಳ್ಳಿ. ಅನುಮಾನ ಬಂದ್ರೆ ಅಂಚಿನ ಒಂದೆಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತೆ.

ಗುಳೇದಗುಡ್ಡದಿಂದ ಹೊಸ ಖಣ ತರಿಸಿದ್ದೇನೆ. ಹೆಂಡತಿಯ ಕುಬಸ ಟೇಲರ್ ಹತ್ತಿರ ಇದೆ. ಮಗಳು ಚಿಂದಿಗೆ ಕಾಯ್ತಿದ್ದಾಳೆ.